ಅಳುತ್ತಾ ಮಾಡುವ ವ್ಯಾಯಾಮದಿಂದ ಮಗ ನಡೆಯುತ್ತಾನೆಯೇ?

ಪ್ರಶ್ನೆ: ನಮ್ಮ ಮಗನಿಗೆ ಈಗ 4 ವರ್ಷ 3 ತಿಂಗಳು. ದಿನ ತುಂಬುವ ಮೊದಲೇ, 30ನೇ ವಾರಕ್ಕೆ ಹುಟ್ಟಿದ. ಒಂದೂವರೆ ವರ್ಷದವನಿದ್ದಾಗ ಸೆರೆಬ್ರಲ್ ಪಾಲ್ಸಿ ಎಂದು ಹೇಳಿದರು. ಎರಡೂ ಕಾಲುಗಳಲ್ಲಿ ಬಿಗಿತ ಜಾಸ್ತಿ, ಕೈಗಳಲ್ಲಿ ಅಷ್ಟಿಲ್ಲ. ತಾನಾಗಿಯೇ ಕೂರುತ್ತಾನೆ, ಅಂಬೆಗಾಲಿಡುತ್ತಾನೆ, ಮಂಚ ಹಿಡಿದು ಎದ್ದು ನಿಂತು ತುದಿಗಾಲಲ್ಲಿ ಪಕ್ಕಕ್ಕೆ ನಾಲ್ಕಾರು ಹೆಜ್ಜೆ ಹಾಕುತ್ತಾನೆ. ಮಾತು ಚೆನ್ನಾಗಿ ಬರುತ್ತದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಉಳಿದ ದಿನ ಮನೆಯಲ್ಲಿ ನಾನೇ ಒಂದು ಗಂಟೆ ಕಾಲು ಎಳೆದು ಹಿಡಿಯುವ ವ್ಯಾಯಾಮ ಮಾಡಿಸುತ್ತೇನೆ. ಚಾಪೆ ಹಾಸಿದ ಕೂಡಲೇ ಅಳಲು ಶುರು ಮಾಡುತ್ತಾನೆ. ಒಂದು ದಿನ ತಪ್ಪಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಐದು ತುಂಬುವುದರೊಳಗೆ ನಡೆಯದಿದ್ದರೆ ಇನ್ನೆಂದೂ ನಡೆಯುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ವ್ಯಾಯಾಮವನ್ನು ಎರಡು ಪಟ್ಟು ಮಾಡಿ ಎಂದು ಇನ್ನೊಬ್ಬರು. ಹಿಮ್ಮಡಿಯ ನರ ಕತ್ತರಿಸಿ ಉದ್ದ ಮಾಡಿಸಿಬಿಡಿ ಎಂದು ಮತ್ತೊಬ್ಬರು. ಪಾದವನ್ನು ಹಿಡಿದಿಡುವ ಸ್ಪ್ಲಿಂಟ್ ಹಾಕಿದರೆ ಕಾಲು ಸೊರಗುತ್ತದೆ, ವಾಕರ್ ಕೊಟ್ಟರೆ ಅದಕ್ಕೇ ಅಂಟಿಕೊಳ್ಳುತ್ತಾನೆ ಎಂದೂ ಕೇಳಿದ್ದೇನೆ. ಸ್ಟೆಮ್ ಸೆಲ್ ಚಿಕಿತ್ಸೆ, ಆಮ್ಲಜನಕದ ಕೋಣೆಯ ಚಿಕಿತ್ಸೆಗಳ ಬಗ್ಗೆಯೂ ಹೇಳುತ್ತಿದ್ದಾರೆ. ನಾನು ಮಾಡುತ್ತಿರುವುದು ಸಾಲದೇ? ಅವನು ನಡೆಯುತ್ತಾನೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗ ನಡೆಯುತ್ತಾನೆಯೇ ಎಂಬುದು ಒಂದು. ಅವನು ನಡೆಯದೆ ಹೋದರೆ ಅದಕ್ಕೆ ನಾನು ತಪ್ಪಿಸಿದ ವ್ಯಾಯಾಮವೇ ಕಾರಣವಾಗುತ್ತದೆಯೇ ಎಂಬುದು ಇನ್ನೊಂದು. ಎರಡನೆಯದನ್ನು ನೀವು ನೇರವಾಗಿ ಬರೆದಿಲ್ಲ, ಆದರೆ ನಿದ್ದೆ ಬರುವುದಿಲ್ಲ ಎಂಬ ಮಾತಿನಲ್ಲಿ ಅದೇ ಇದೆ. ಹಾಗಾಗಿ ಅದಕ್ಕೇ ಮೊದಲು ಉತ್ತರಿಸುತ್ತೇನೆ: ಇಲ್ಲ. ಒಂದು ದಿನ, ಒಂದು ವಾರ, ಜ್ವರ ಬಂದು ಹದಿನೈದು ದಿನ ತಪ್ಪಿದರೂ ಅದರಿಂದ ಮಗುವಿನ ಭವಿಷ್ಯ ಬದಲಾಗುವುದಿಲ್ಲ. ಇನ್ನೂ ಮುಂದೆ ಹೋಗಿ ಹೇಳಬೇಕೆಂದರೆ, ನೀವು ಅಷ್ಟೊಂದು ಕಷ್ಟಪಟ್ಟು, ಅವನನ್ನು ಅಳಿಸಿ, ನೀವೂ ಒಳಗೊಳಗೇ ಅತ್ತು ಮಾಡಿಸುತ್ತಿರುವ ಆ ಒಂದು ಗಂಟೆಯಲ್ಲಿ ಹೆಚ್ಚಿನ ಪಾಲು ಅವನ ನಡಿಗೆಗೆ ಸಹಾಯ ಮಾಡುತ್ತಿಲ್ಲ. ನೀವು ಕಡಿಮೆ ಮಾಡುತ್ತಿದ್ದೀರಿ ಎಂದು ನನಗೆ ಅನಿಸುವುದಿಲ್ಲ. ಆ ಶ್ರಮ ಹರಿಯುವ ದಿಕ್ಕು ಬದಲಾಗಬೇಕು ಎನಿಸುತ್ತದೆ. ಯಾಕೆ ಎಂಬುದನ್ನು ವಿವರಿಸಲು ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ, ಹುಟ್ಟುವ ಮೊದಲೋ ಹುಟ್ಟುವಾಗಲೋ ಹುಟ್ಟಿದ ಸ್ವಲ್ಪ ಕಾಲದಲ್ಲೋ ಆದ ಪೆಟ್ಟಿನಿಂದ ದೇಹದ ಚಲನೆ ಮತ್ತು ನಿಲುವಿನ ಮೇಲೆ ಉಳಿದುಬಿಡುವ ಪರಿಣಾಮ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಇದನ್ನು 1861ರಲ್ಲಿ ವಿವರವಾಗಿ ಬರೆದ ಕಾಲದಿಂದಲೂ ತಾಯಂದಿರು ಕೇಳುತ್ತಾ ಬಂದಿರುವ ಪ್ರಶ್ನೆಯೆಂದರೆ, ಇದು ಹೆಚ್ಚುತ್ತಾ ಹೋಗುತ್ತದೆಯೇ ಎಂಬುದು. ಮೆದುಳಿಗೆ ಆದ ಪೆಟ್ಟು ಹೆಚ್ಚುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಈ ಪೆಟ್ಟು ಬಹಳ ಸಲ ಮೆದುಳಿನ ಒಳಗಿನ ದ್ರವದ ಕುಹರಗಳ ಅಂಚಿನಲ್ಲಿರುವ ಬಿಳಿ ಭಾಗಕ್ಕೆ ಬೀಳುತ್ತದೆ. ಕಾಲುಗಳಿಗೆ ಸಂದೇಶ ಒಯ್ಯುವ ನರತಂತುಗಳು ಆ ಕುಹರಗಳಿಗೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತವೆ, ಕೈಗಳಿಗೆ ಹೋಗುವವು ಸ್ವಲ್ಪ ದೂರದಲ್ಲಿ. ನಿಮ್ಮ ಮಗನಿಗೆ ಕಾಲುಗಳಲ್ಲಿ ಬಿಗಿತ ಹೆಚ್ಚಿದ್ದು ಕೈ ಬಹುಮಟ್ಟಿಗೆ ಉಳಿದುಕೊಂಡಿರುವುದಕ್ಕೆ ಇದೇ ಕಾರಣವಾಗಿರಬೇಕು. ಇದು ನೀವು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದರಿಂದಲೂ ಆದದ್ದಲ್ಲ.

ಮೆದುಳಿನ ಪೆಟ್ಟು ಇದ್ದಲ್ಲೇ ಇರುತ್ತದೆ ನಿಜ, ಆದರೆ ಸ್ನಾಯು ಮತ್ತು ಮೂಳೆಗಳ ಕಥೆ ಹಾಗಲ್ಲ. ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುತ್ತದೆ, ಅದರ ಜೊತೆಗೆ ಸ್ನಾಯುವೂ ಬೆಳೆಯಬೇಕು. ಸದಾ ಬಿಗಿದುಕೊಂಡಿರುವ, ಓಡಾಟವಿಲ್ಲದ, ಶಕ್ತಿ ಕಡಿಮೆ ಇರುವ ಸ್ನಾಯು ಮೂಳೆಯ ಬೆಳವಣಿಗೆಗೆ ಸರಿಸಮನಾಗಿ ಬೆಳೆಯುವುದಿಲ್ಲ. ಎರಡು ವರ್ಷದಲ್ಲಿ ಸುಲಭವಾಗಿ ಮೇಲಕ್ಕೆ ಮಡಿಸುತ್ತಿದ್ದ ಪಾದ ಆರನೇ ವರ್ಷದಲ್ಲಿ ಮಡಿಸದೆ ಇರುವುದು ಇದರಿಂದಲೇ. ರೋಗ ಉಲ್ಬಣಿಸಿದೆ ಎಂದು ಹೆತ್ತವರು ಗಾಬರಿಯಾಗುವುದು ಹೆಚ್ಚಾಗಿ ಈ ಘಟ್ಟದಲ್ಲಿ. ಉದ್ದ ಬೇಗ ಬೆಳೆಯುವ ವರ್ಷಗಳಲ್ಲಿ ಇದನ್ನು ಮುನ್ನಿರೀಕ್ಷಿಸಿಯೇ ಇರಬೇಕು.

ನಿಮ್ಮ ಮಗನ ಕಾಲಿನಲ್ಲಿ ನೀವು ಬಿಗಿತ ಎಂದು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡದೆ ಚಿಕಿತ್ಸೆ ಆಯ್ದುಕೊಂಡರೆ ತಪ್ಪಾಗುತ್ತದೆ. ಪಾದವನ್ನು ಝಟ್ಟನೆ ಮೇಲಕ್ಕೆ ಒತ್ತಿದಾಗ ಕಾಲು ಎದುರು ತಳ್ಳುವುದು ಅಥವಾ ಥರಥರ ಅದುರುವುದು ಸ್ಪಾಸ್ಟಿಸಿಟಿ. ಅದು ಮೆದುಳಿನಿಂದ ಬಂದದ್ದು. ಮಗು ಆರಾಮವಾಗಿ ಮಲಗಿರುವಾಗ, ನಿದ್ದೆಯಲ್ಲಿರುವಾಗ ನಿಧಾನವಾಗಿ ಒತ್ತಿದರೂ ಒಂದು ಹಂತಕ್ಕೆ ಬಂದು ಪಾದ ನಿಂತೇ ಬಿಡುವುದಾದರೆ ಅದು ಸ್ನಾಯುವೇ ಗಿಡ್ಡವಾಗಿರುವುದು. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ, ಬಹಳ ಜನ ಅದನ್ನು ಮಾತಿಗೂ ತರುವುದಿಲ್ಲ: ದುರ್ಬಲತೆ. ಗಟ್ಟಿಯಾಗಿ ಸೆಟೆದ ಕಾಲು ಬಲವಾದ ಕಾಲು ಎಂದು ನಮಗೆ ಅನಿಸುತ್ತದೆ, ಆದರೆ ಬಿಗಿತ ಬೇರೆ, ಬಲ ಬೇರೆ. ಈ ಮಕ್ಕಳ ಕಾಲುಗಳಲ್ಲಿ, ಅದರಲ್ಲೂ ಪೃಷ್ಠ, ತೊಡೆ ಮತ್ತು ಮೀನಖಂಡಗಳಲ್ಲಿ ಶಕ್ತಿ ಗಮನಾರ್ಹವಾಗಿ ಕಡಿಮೆ ಇರುತ್ತದೆ. ಬಲ ಹೆಚ್ಚಿಸುವ ವ್ಯಾಯಾಮ ಮಾಡಿಸಿದರೆ ಬಿಗಿತವೂ ಹೆಚ್ಚುತ್ತದೆ ಎಂದು ನಮ್ಮ ಫಿಸಿಯೋಥೆರಪಿ ವೃತ್ತಿಯವರೇ ದಶಕಗಳ ಕಾಲ ನಂಬಿದ್ದರು. ಆ ನಂಬಿಕೆ ಸುಳ್ಳೆಂದು ಸಾಬೀತಾಗಿದೆ, ಆದರೂ ಅದರ ನೆರಳು ಇಂದಿಗೂ ಅನೇಕ ವ್ಯಾಯಾಮಪಟ್ಟಿಗಳ ಮೇಲಿದೆ.

ಈಗ ಕಾಲು ಎಳೆದು ಹಿಡಿಯುವ ವಿಚಾರಕ್ಕೆ ಬರೋಣ. ನಾನು ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ನಿಮಗೆ ಹೇಳಿಕೊಟ್ಟದ್ದನ್ನೇ ನಾನೂ ಹೇಳಿಕೊಡುತ್ತಿದ್ದೆ. ಒಂದು ಕೈ ಮಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಹಿಮ್ಮಡಿ, ಮುಂಗೈಯಿಂದ ಪಾದವನ್ನು ಒತ್ತಿ ಮೂವತ್ತರವರೆಗೆ ಎಣಿಸುವುದು. ಹತ್ತು ಎಣಿಸುವಷ್ಟರಲ್ಲಿ ಮಗುವಿನ ಕಾಲ್ಬೆರಳುಗಳು ಒಳಕ್ಕೆ ಮುದುಡಿಕೊಳ್ಳುತ್ತಿದ್ದವು, ತಾಯಿಯ ಕಣ್ಣು ಗೋಡೆ ಗಡಿಯಾರದ ಮೇಲಿರುತ್ತಿತ್ತು, ಅತ್ತ ಮಗುವಿನ ಇಡೀ ಮೈ ಇನ್ನಷ್ಟು ಸೆಟೆದುಕೊಳ್ಳುತ್ತಿತ್ತು. ಅಳುವ ಮಗುವಿನಲ್ಲಿ ಬಿಗಿತ ಹೆಚ್ಚುತ್ತದೆ, ಆ ಹೆಚ್ಚಿದ ಬಿಗಿತದ ವಿರುದ್ಧ ನಾವು ಇನ್ನೂ ಜೋರಾಗಿ ಒತ್ತುತ್ತೇವೆ. ವರ್ಷಾನುಗಟ್ಟಲೆ ಹೀಗೆ ಮಾಡಿದ ಮಕ್ಕಳ ಪಾದಗಳೂ ಬೆಳೆಯುವ ವಯಸ್ಸಿನಲ್ಲಿ ಬಿಗಿಯಾದವು. ಕೈಯಿಂದ ದಿನಕ್ಕೆ ಕೆಲವು ನಿಮಿಷ ಎಳೆದು ಹಿಡಿಯುವುದರಿಂದ ಸ್ನಾಯು ನಿಜಕ್ಕೂ ಉದ್ದವಾಗುತ್ತದೆಯೇ ಎಂದು ನಡೆಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಲೆಕ್ಕಕ್ಕೆ ಹಿಡಿಯುವಂಥ ಪ್ರಯೋಜನ ಕಂಡುಬಂದಿಲ್ಲ. ಫ್ರಾನ್ಸಿನ ಟಾರ್ಡಿಯು ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಮೀನಖಂಡದ ಸ್ನಾಯು ದಿನಕ್ಕೆ ಕಡಿಮೆಯೆಂದರೆ 6 ಗಂಟೆ ಹಿಗ್ಗಿದ ಸ್ಥಿತಿಯಲ್ಲಿದ್ದ ಮಕ್ಕಳಲ್ಲಿ ಅದು ಗಿಡ್ಡವಾಗಲಿಲ್ಲ, 2 ಗಂಟೆ ಮಾತ್ರ ಹಾಗಿದ್ದವರಲ್ಲಿ ಗಿಡ್ಡವಾಯಿತು. ಯಾವ ತಾಯಿಯೂ ಕೈಯಿಂದ 6 ಗಂಟೆ ಹಿಡಿದು ಕೂರಲಾರಳು. ಆ ಕೆಲಸ ಸ್ಪ್ಲಿಂಟಿನದು, ಸರಿಯಾದ ಕುರ್ಚಿಯದು, ನಿಲ್ಲಿಸುವ ಸ್ಟ್ಯಾಂಡಿನದು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಮಗು ತಾನೇ ನಿಂತು, ಬಾಗಿ, ಎದ್ದು ಓಡಾಡುವ ಹೊತ್ತಿನದು. ಮಾಲೀಷು ಮಾಡುವುದರಿಂದ ಮಗುವಿಗೆ ಹಿತವಾಗುತ್ತದೆಯೆಂದಾದರೆ ಮಾಡಿ, ಆದರೆ ಅದರಿಂದ ಸ್ನಾಯು ಉದ್ದವಾಗುತ್ತದೆಂಬ ನಿರೀಕ್ಷೆ ಬೇಡ.

ಹಾಗಿದ್ದರೆ ಏನು ಕೆಲಸ ಮಾಡುತ್ತದೆ? ಕಳೆದ ಎರಡು ದಶಕಗಳ ಸಂಶೋಧನೆ ಮತ್ತೆ ಮತ್ತೆ ಹೇಳಿರುವುದು ಒಂದೇ ಮಾತು: ಮಗುವಿನ ಮೇಲೆ ನಾವು ಮಾಡುವ ಚಿಕಿತ್ಸೆಗಿಂತ ಮಗು ತಾನೇ ಮಾಡುವ ಚಲನೆಯಿಂದ ಹೆಚ್ಚಿನ ಕಲಿಕೆ ಆಗುತ್ತದೆ. ಏನು ಸಾಧಿಸಬೇಕು ಎಂಬುದು ಖಚಿತವಾಗಿರಬೇಕು, ಅದು ಮಗುವಿಗೂ ಬೇಕೆನಿಸುವ ಕೆಲಸವಾಗಿರಬೇಕು, ಆ ಕೆಲಸವನ್ನೇ, ಅದು ನಿಜವಾಗಿ ನಡೆಯುವ ಜಾಗದಲ್ಲೇ, ಬಹಳಷ್ಟು ಸಲ ಮಾಡಬೇಕು, ಕೈಗೂಡುತ್ತಿದ್ದಂತೆ ಸ್ವಲ್ಪ ಸ್ವಲ್ಪವೇ ಕಷ್ಟ ಮಾಡುತ್ತಾ ಹೋಗಬೇಕು. ಕೈಗಳ ಬಳಕೆಯ ಕುರಿತ ಅಧ್ಯಯನಗಳ ಪ್ರಕಾರ, ಹೀಗೆ ಆಯ್ದುಕೊಂಡ ಗುರಿಯೊಂದು ಕೈಗೂಡಲು ಒಟ್ಟು 14ರಿಂದ 25 ಗಂಟೆಗಳಷ್ಟು ನಿಜವಾದ ಅಭ್ಯಾಸ ಬೇಕಾಗುತ್ತದೆ. ಕಾಲಿನ ಕೆಲಸಕ್ಕೆ ಇದೇ ಅಂಕಿಯನ್ನು ಅನ್ವಯಿಸಲಾಗದು, ಆದರೂ ಚದುರಿದ ಹತ್ತು ವ್ಯಾಯಾಮಗಳಿಗಿಂತ ಒಂದು ಗುರಿಯ ಮೇಲೆ ಒಟ್ಟುಗೂಡಿಸಿದ ಅಭ್ಯಾಸ ಮೇಲು ಎಂಬುದು ನನ್ನ ಅನುಭವಕ್ಕೂ ಹೊಂದುವ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಮಗ ಮಂಚ ಹಿಡಿದು ನಿಲ್ಲುತ್ತಾನೆ ಎಂದಿದ್ದೀರಿ. ನಿಲ್ಲುವಾಗ ಕೈಗಳಿಂದ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೋ, ಕಾಲಿನಿಂದ ತಳ್ಳಿ ಏಳುತ್ತಾನೋ ನೋಡಿ. ಬಹುಶಃ ಕೈಯಿಂದಲೇ ಇರುತ್ತದೆ. ಅವನ ಮಂಡಿಯ ಎತ್ತರಕ್ಕಿಂತ ನಾಲ್ಕು ಬೆರಳು ಎತ್ತರದ ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಹಿಮ್ಮಡಿ ಮಂಡಿಗಿಂತ ತುಸು ಹಿಂದಿರಲಿ. ಅವನಿಗೆ ಇಷ್ಟವಾದ ಚಿತ್ರದ ತುಂಡುಗಳನ್ನು ನೆಲದ ಮೇಲೆ ಅವನ ಬಲಗಡೆ ಇಡಿ, ಅಂಟಿಸುವ ಜಾಗ ಎದುರಿನ ಗೋಡೆಯಲ್ಲಿ ಅವನು ನಿಂತರೆ ಮಾತ್ರ ಸಿಗುವಷ್ಟು ಎತ್ತರದಲ್ಲಿರಲಿ. ಬಾಗಿ ತುಂಡು ತೆಗೆದುಕೊಂಡು, ಮುಂದಕ್ಕೆ ಮೂಗು ಬರುವಷ್ಟು ವಾಲಿ, ಎದ್ದು ನಿಂತು ಅಂಟಿಸಿ, ನಿಧಾನವಾಗಿ ಕೂರಬೇಕು. ನಿಮ್ಮ ಕೈ ಅವನ ಸೊಂಟದ ಬಳಿ ಸಿದ್ಧವಾಗಿರಲಿ, ಆದರೆ ಬೀಳುವ ಹಾಗಾದರೆ ಮಾತ್ರ ಮುಟ್ಟಿ. ಇಪ್ಪತ್ತು ತುಂಡಿನ ಚಿತ್ರ ಮುಗಿಯುವಾಗ ಅವನು ಇಪ್ಪತ್ತು ಸಲ ಎದ್ದು ಕೂತಿರುತ್ತಾನೆ; ತೊಡೆ ಮತ್ತು ಪೃಷ್ಠದ ಸ್ನಾಯು ದುಡಿದಿರುತ್ತದೆ, ಪ್ರತಿ ಸಲ ಏಳುವಾಗ ಅವನದೇ ಭಾರದ ಕೆಳಗೆ ಮೀನಖಂಡ ಹಿಗ್ಗಿರುತ್ತದೆ. ನೀವು ಚಾಪೆಯ ಮೇಲೆ ಕೈಯಿಂದ ಮಾಡಲು ಹೊರಟಿದ್ದ ಕೆಲಸವೇ ಅದು, ಈಗ ಅವನೇ ಮಾಡಿದ. ಸಲೀಸಾದ ಮೇಲೆ ಸ್ಟೂಲನ್ನು ಎರಡು ಬೆರಳು ಗಿಡ್ಡ ಮಾಡಿ. ಚಡ್ಡಿ ಹಾಕಿಕೊಳ್ಳುವಾಗ ಗೋಡೆಗೆ ಬೆನ್ನು ಕೊಟ್ಟು ನಿಂತು ತಾನೇ ಮೇಲೆಳೆದುಕೊಳ್ಳುವುದು, ಕೈ ತೊಳೆಯುವಾಗ ಬೇಸಿನ್ ಮುಂದೆ ನಿಲ್ಲುವುದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗುವ ಬದಲು ವಾಕರಿನಲ್ಲಿ ಬರಲು ಐದು ನಿಮಿಷ ಕಾಯುವುದು, ಇವೆಲ್ಲವೂ ಚಿಕಿತ್ಸೆಯೇ. ಕಾಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು, ಬೆಳಗಿನ ಗಡಿಬಿಡಿಯಲ್ಲಿ ಅದು ಸಾಧ್ಯವೂ ಇಲ್ಲ. ದಿನದಲ್ಲಿ ಎರಡು ಹೊತ್ತು ಆಯ್ದುಕೊಳ್ಳಿ, ಉಳಿದ ಹೊತ್ತು ಎತ್ತಿಕೊಳ್ಳಿ.

ಐದು ವರ್ಷದ ಗಡುವಿನ ಮಾತು ಎಲ್ಲಿಂದ ಬಂದದ್ದು ಎಂಬುದನ್ನೂ ಹೇಳಬೇಕು, ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ, ಅರ್ಧ ಕೇಳಿಸಿಕೊಂಡ ನಿಜ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಲನಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ಪದ್ಧತಿಯನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಹೊರತಂದಿತು. ಅದನ್ನು ಜಿಎಂಎಫ್‌ಸಿಎಸ್ ಎನ್ನುತ್ತೇವೆ. ಮೊದಲ ಹಂತದ ಮಗು ಆಸರೆಯಿಲ್ಲದೆ ನಡೆಯುತ್ತದೆ, ಮೂರನೆಯದರಲ್ಲಿ ವಾಕರ್ ಅಥವಾ ಕೋಲು ಹಿಡಿದು ನಡೆಯುತ್ತದೆ, ಐದನೆಯದರಲ್ಲಿ ತಲೆ ನಿಲ್ಲಿಸಿಕೊಳ್ಳುವುದಕ್ಕೂ ನೆರವು ಬೇಕು. ಅದೇ ತಂಡ 657 ಮಕ್ಕಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳ ಪ್ರಕಾರ, ಮಗು ತನ್ನ ಹಂತದಲ್ಲಿ ಮುಟ್ಟಬಹುದಾದ ಮೂಲ ಚಲನಸಾಮರ್ಥ್ಯದ ಶೇ. 90ರಷ್ಟನ್ನು ಸರಾಸರಿ ಐದು ವರ್ಷದೊಳಗೆ ಮುಟ್ಟುತ್ತದೆ. ಮೊದಲ ಹಂತದ ಮಕ್ಕಳಲ್ಲಿ ಇದು 5 ವರ್ಷದ ಸಮೀಪ, ಮೂರನೆಯದರಲ್ಲಿ ಸುಮಾರು 3 ವರ್ಷ 8 ತಿಂಗಳು. ಇಲ್ಲಿ ಅಳೆದದ್ದು ಕೂರುವುದು, ನಿಲ್ಲುವುದು, ನಡೆಯುವುದು ಎಂಬಂಥ ಮೂಲ ಸಾಮರ್ಥ್ಯವನ್ನು. ಆ ಸಾಮರ್ಥ್ಯವನ್ನು ಬಳಸಿಕೊಂಡು ಮಗು ಕಲಿಯುವ ಕೆಲಸಗಳಿಗೆ, ವಾಕರಿನಲ್ಲಿ ದೂರ ಹೋಗುವುದಕ್ಕೆ, ದಮ್ಮು ಹೆಚ್ಚಿಸಿಕೊಳ್ಳುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ, ಈಜುವುದಕ್ಕೆ, ಸೈಕಲ್ ತುಳಿಯುವುದಕ್ಕೆ ಅಂಥ ಗಡುವಿಲ್ಲ. ಎಂಟನೇ ವಯಸ್ಸಿನಲ್ಲಿ ವಾಕರ್ ಬಿಟ್ಟು ಕೋಲು ಹಿಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ಸಣ್ಣ ವಯಸ್ಸಿನ ಅಭ್ಯಾಸಕ್ಕೆ ಬೆಲೆ ಹೆಚ್ಚು ಎಂಬುದನ್ನು ಈ ರೇಖೆಯಿಂದ ತಿಳಿಯಬೇಕು. ಐದನೇ ಹುಟ್ಟುಹಬ್ಬದ ಮರುದಿನ ಬಾಗಿಲು ಮುಚ್ಚುತ್ತದೆ ಎಂದಲ್ಲ.

ಅವನು ನಡೆಯುತ್ತಾನೆಯೇ ಎಂಬ ನಿಮ್ಮ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ನಾನು ಬಯಸುವುದಿಲ್ಲ. ಅವನನ್ನು ನೋಡದೆ ಖಚಿತವಾಗಿ ಹೇಳಲಾಗದು, ಆದರೆ ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂರಲು ಕಲಿತ ಮಕ್ಕಳಲ್ಲಿ ಹೆಚ್ಚಿನವರು ಒಂದಲ್ಲ ಒಂದು ರೀತಿಯಲ್ಲಿ ನಡೆಯುತ್ತಾರೆ ಎಂಬುದು ಬಹುಕಾಲದಿಂದ ಕಂಡುಬಂದಿರುವ ಸಂಗತಿ. ಅವನು ಯಾವ ವಯಸ್ಸಿಗೆ ಕೂತ ಎಂದು ನೀವು ಬರೆದಿಲ್ಲ, ನೆನಪಿಸಿಕೊಳ್ಳಿ. ಈಗ ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು ಇವನ್ನೆಲ್ಲ ನೋಡಿದರೆ ಅವನು ಮೂರನೇ ಹಂತದ ಆಸುಪಾಸಿನಲ್ಲಿರಬಹುದು. ಹಾಗಿದ್ದರೆ ವಾಕರ್ ಅಥವಾ ಕೋಲಿನ ಆಸರೆಯಲ್ಲಿ ಮನೆಯೊಳಗೆ, ಶಾಲೆಯೊಳಗೆ ನಡೆಯುವುದು ಸಾಧ್ಯವಾದ ಗುರಿ. ಏನೂ ಹಿಡಿಯದೆ ಬೀದಿಯಲ್ಲಿ ಓಡಾಡುವುದನ್ನು ಮಾತ್ರ ನಡಿಗೆ ಎಂದು ಎಣಿಸಿದರೆ, ಅವನು ದಿನವೂ ಗೆಲ್ಲುತ್ತಿರುವುದು ನಿಮಗೆ ಸೋಲಾಗಿಯೇ ಕಾಣುತ್ತದೆ. ದೂರದ ಓಡಾಟಕ್ಕೆ ಗಾಲಿಕುರ್ಚಿ ಬಳಸುವುದರಿಂದ ನಡಿಗೆ ಮರೆತುಹೋಗುವುದಿಲ್ಲ. ಗೆಳೆಯರ ಜೊತೆ ಅಂಗಳದ ಆ ತುದಿಗೆ ತಾನಾಗಿ ಹೋಗಿ ಬಂದ ಮಗುವಿಗೆ ಉಳಿದ ಶಕ್ತಿ ಸಂಜೆಯ ಅಭ್ಯಾಸಕ್ಕೆ ಸಿಗುತ್ತದೆ.

ವಾಕರಿನ ಭಯಕ್ಕೂ ಇದೇ ಉತ್ತರ. ವಾಕರ್ ಕೊಟ್ಟದ್ದರಿಂದ ನಡಿಗೆ ನಿಂತುಹೋದ ಮಗುವನ್ನು ನಾನು ಕಂಡಿಲ್ಲ. ವಾಕರ್ ಕೊಡದೆ ಎರಡು ವರ್ಷ ಹೆಜ್ಜೆಯೇ ಹಾಕದೆ ಕಳೆದ ಮಕ್ಕಳನ್ನು ಕಂಡಿದ್ದೇನೆ. ಮಗು ಮುಂದೆ ತಳ್ಳುವ ಬದಲು ಬೆನ್ನ ಹಿಂದೆ ಎಳೆದುಕೊಂಡು ನಡೆಯುವ ಬಗೆಯದು ಇಂಥ ಅನೇಕ ಮಕ್ಕಳಿಗೆ ನೆಟ್ಟಗೆ ನಿಲ್ಲಲು ಹೆಚ್ಚು ಅನುಕೂಲ, ಎರಡನ್ನೂ ಹಾಕಿ ನೋಡಿ ತೀರ್ಮಾನಿಸಬೇಕು. ಆದರೆ ನಡುವೆ ಜೋಲಿಯಂಥ ಆಸನವಿದ್ದು ಸುತ್ತ ಗಾಲಿಗಳಿರುವ, ಅಂಗಡಿಗಳಲ್ಲಿ ಎಳೆಯ ಮಕ್ಕಳಿಗೆಂದು ಮಾರುವ ವಾಕರ್ ಬೇರೆಯದೇ ವಸ್ತು. ಅದರಲ್ಲಿ ಮಗು ತುದಿಗಾಲಲ್ಲೇ ತಳ್ಳಿಕೊಂಡು ಹೋಗುತ್ತದೆ, ಉರುಳಿ ಬೀಳುವ ಅಪಾಯ ದೊಡ್ಡದು; ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದೆ. ಅದನ್ನು ಯಾರೇ ಉಡುಗೊರೆ ಕೊಟ್ಟರೂ ಬಳಸಬೇಡಿ.

ಸ್ಪ್ಲಿಂಟಿನ ವಿಷಯದಲ್ಲಿ ನೀವು ಕೇಳಿದ್ದರಲ್ಲಿ ಸ್ವಲ್ಪ ಹುರುಳಿದೆ. ಪಾದ ಮತ್ತು ಕಣಕಾಲನ್ನು ಹಿಡಿಯುವ ಎಎಫ್‌ಓ ಎಂಬ ಸ್ಪ್ಲಿಂಟ್, ಹಿಮ್ಮಡಿ ನೆಲಕ್ಕೆ ತಾಗುವಂತೆ ಮಾಡಿ ನಡಿಗೆಗೆ ಗಟ್ಟಿ ಬುನಾದಿ ಕೊಡುತ್ತದೆ, ಸ್ನಾಯುವನ್ನು ಗಂಟೆಗಟ್ಟಲೆ ಹಿಗ್ಗಿದ ಸ್ಥಿತಿಯಲ್ಲಿಡುತ್ತದೆ. ಅದೇ ಹೊತ್ತಿಗೆ, ಅದನ್ನು ಹಾಕಿಕೊಂಡಾಗ ಕಣಕಾಲಿನ ಸುತ್ತಲಿನ ಸ್ನಾಯುಗಳಿಗೆ ಕೆಲಸ ಕಡಿಮೆ. ಆದ್ದರಿಂದ ನಡೆಯುವ, ನಿಲ್ಲುವ ಹೊತ್ತಿನಲ್ಲಿ ಹಾಕಿ, ಅಂಬೆಗಾಲಿಡುವಾಗ, ನೆಲದ ಮೇಲೆ ಆಡುವಾಗ, ಕಾಲಿನ ಬಲ ಹೆಚ್ಚಿಸುವ ಅಭ್ಯಾಸದ ಹೊತ್ತಿನಲ್ಲಿ ಬಿಚ್ಚಿ. ಬಿಚ್ಚಿದ ಇಪ್ಪತ್ತು ನಿಮಿಷದ ಮೇಲೂ ಚರ್ಮದ ಮೇಲೆ ಕೆಂಪು ಗುರುತು ಉಳಿದಿದ್ದರೆ, ಅಥವಾ ಹಾಕಿದ ಮೇಲೂ ಒಳಗೆ ಹಿಮ್ಮಡಿ ಮೇಲೆದ್ದೇ ಇದ್ದರೆ ಅದು ಸರಿಯಾಗಿ ಹೊಂದುತ್ತಿಲ್ಲ ಎಂದರ್ಥ. ಮಾಡಿಸಿದಲ್ಲಿಗೇ ಒಯ್ದು ತೋರಿಸಿ. ಬೆಳೆಯುವ ಮಗುವಿಗೆ ಅದು ಬೇಗ ಚಿಕ್ಕದಾಗುತ್ತದೆ, ಹೊಸದು ಮಾಡಿಸಲೇಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಪಾದದ ಬಗ್ಗೆ ಇಷ್ಟೆಲ್ಲ ಇದೆ, ಸೊಂಟದ ಕೀಲಿನ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ನಿಜವಾಗಿ ಚಿಂತೆಯಾದದ್ದು ಅಲ್ಲಿ. ತೊಡೆಯ ಒಳಭಾಗದ ಬಿಗಿತದಿಂದಲೂ ನಿಂತು ನಡೆಯುವ ಹೊತ್ತು ಕಡಿಮೆಯಾದದ್ದರಿಂದಲೂ ತೊಡೆಮೂಳೆಯ ಗುಂಡು ತಲೆ ನಿಧಾನವಾಗಿ ಬಟ್ಟಲಿನಿಂದ ಹೊರಕ್ಕೆ ಸರಿಯತೊಡಗುತ್ತದೆ. ಆರಂಭದಲ್ಲಿ ಇದು ನೋಯುವುದಿಲ್ಲ, ಹೊರಗಿನಿಂದ ಕಾಣುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಕೀಲು ಸರಿದಿತ್ತು. ಮೊದಲ ಹಂತದವರಲ್ಲಿ ಯಾರಿಗೂ ಇಲ್ಲ, ಮೂರನೆಯದರಲ್ಲಿ ಶೇ. 40ರ ಆಸುಪಾಸು, ಐದನೆಯದರಲ್ಲಿ ಶೇ. 90. ಎಕ್ಸ್‌ರೇಯಲ್ಲಿ ಗುಂಡಿನ ಶೇ. 30ಕ್ಕಿಂತ ಹೆಚ್ಚು ಭಾಗ ಬಟ್ಟಲಿನಿಂದ ಹೊರಗಿದ್ದರೆ ಎಚ್ಚರಿಕೆಯ ಗಂಟೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಇಂಥ ಎಲ್ಲ ಮಕ್ಕಳ ಸೊಂಟವನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸುವ ಏರ್ಪಾಡು ಮಾಡಿದ ಮೇಲೆ, ಕೀಲು ಪೂರ್ತಿ ತಪ್ಪಿಹೋಗುವುದು ಅಪರೂಪವಾಗಿಬಿಟ್ಟಿತು. ನಿಮ್ಮ ಮಗನ ಸೊಂಟದ ಎಕ್ಸ್‌ರೇ ಕಳೆದ ಒಂದು ವರ್ಷದಲ್ಲಿ ಆಗಿಲ್ಲವೆಂದಾದರೆ ಈ ತಿಂಗಳಲ್ಲೇ ಮಾಡಿಸಿ, ಆ ಪ್ರತಿಯನ್ನು ಜೋಪಾನವಾಗಿಡಿ. ಮುಂದಿನದನ್ನು ಅದರ ಪಕ್ಕದಲ್ಲಿಟ್ಟೇ ನೋಡಬೇಕು. ಡಯಾಪರ್ ಹಾಕುವಾಗ ಅಥವಾ ತೊಡೆ ಅಗಲಿಸುವಾಗ ಅವನು ಅಳುತ್ತಾನೆ, ಒಂದು ಕಡೆ ಅಗಲಿಸಿದಷ್ಟು ಇನ್ನೊಂದು ಕಡೆ ಆಗುವುದಿಲ್ಲ ಎಂದಾದರೆ ತಿಂಗಳೂ ಕಾಯಬೇಡಿ.

ಇನ್ನು ಶಸ್ತ್ರಚಿಕಿತ್ಸೆ. ಹಿಮ್ಮಡಿಯ ನರ ಎಂದು ಜನ ಹೇಳುವುದು ನರವಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ಸ್ನಾಯುರಜ್ಜು. ಅದನ್ನು ಉದ್ದ ಮಾಡಿದರೆ ತುದಿಗಾಲು ಕೂಡಲೇ ನೆಲಕ್ಕೆ ಇಳಿಯುತ್ತದೆ, ನೋಡಿದವರಿಗೆಲ್ಲ ಸಂತೋಷವಾಗುತ್ತದೆ. ಆದರೆ ಎರಡೂ ಕಾಲಿನಲ್ಲಿ ಬಿಗಿತವಿರುವ ಮಗುವಿನಲ್ಲಿ ಮೀನಖಂಡವೇ ಮಂಡಿಯನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಮುಖ್ಯ ಶಕ್ತಿಗಳಲ್ಲೊಂದು. ಮಂಡಿ, ಸೊಂಟಗಳನ್ನು ಲೆಕ್ಕಿಸದೆ ಚಿಕ್ಕ ವಯಸ್ಸಿನಲ್ಲಿ ಹಿಮ್ಮಡಿಯೊಂದನ್ನೇ ಸಡಿಲಿಸಿದರೆ, ಕೆಲವು ವರ್ಷಗಳಲ್ಲಿ ಮಗು ಮಂಡಿ ಮಡಿಸಿಕೊಂಡು ಕುಗ್ಗಿ ನಡೆಯತೊಡಗುತ್ತದೆ. ತುದಿಗಾಲನ್ನು ಸರಿಪಡಿಸುವುದಕ್ಕಿಂತ ಆ ಕುಗ್ಗಿದ ನಡಿಗೆಯನ್ನು ಸರಿಪಡಿಸುವುದು ಬಹಳ ಕಷ್ಟ. ಎಳೆಯ ವಯಸ್ಸಿನಲ್ಲಿ ಮಾಡಿದರೆ ಬಿಗಿತ ಮರುಕಳಿಸುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ಸಾಮಾನ್ಯವಾಗಿ ಆರು ವರ್ಷ ದಾಟುವವರೆಗೆ ಕಾದು, ನಡಿಗೆಯನ್ನು ಕೂಲಂಕಷವಾಗಿ ಪರೀಕ್ಷಿಸಿ, ಸೊಂಟದಿಂದ ಪಾದದವರೆಗೆ ಬೇಕಾದ ತಿದ್ದುಪಡಿಗಳನ್ನೆಲ್ಲ ಒಂದೇ ಸಲಕ್ಕೆ ಮಾಡುವುದು ಇಂದಿನ ರೂಢಿ. ಅದರ ನಂತರ ಮಗು ಮೊದಲಿಗಿಂತ ದುರ್ಬಲವಾಗಿರುತ್ತದೆ, ಮತ್ತೆ ಬಲ ಪಡೆಯಲು ಒಂದು ವರ್ಷ ಹಿಡಿಯುವುದು ಸಾಮಾನ್ಯ. ಆ ವರ್ಷಕ್ಕೆ ಸಿದ್ಧರಿಲ್ಲದವರು ಶಸ್ತ್ರಚಿಕಿತ್ಸೆಗೂ ಸಿದ್ಧರಿಲ್ಲ ಎಂದೇ ನಾನು ಹೇಳುತ್ತೇನೆ. ಸೊಂಟದ ಕೀಲು ಸರಿಯುತ್ತಿರುವಾಗ ಮಾತ್ರ ಈ ಕಾಯುವಿಕೆಯ ನಿಯಮ ಅನ್ವಯಿಸುವುದಿಲ್ಲ.

ಅಲ್ಲಿಯವರೆಗಿನ ದಾರಿಗಳಲ್ಲಿ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಒಂದು. ಅದು ಆಯ್ದ ಸ್ನಾಯುವಿನ ಸ್ಪಾಸ್ಟಿಸಿಟಿಯನ್ನು ಮೂರು ನಾಲ್ಕು ತಿಂಗಳ ಮಟ್ಟಿಗೆ ತಗ್ಗಿಸುತ್ತದೆ, ಈಗಾಗಲೇ ಗಿಡ್ಡವಾದ ಸ್ನಾಯುವನ್ನು ಉದ್ದ ಮಾಡುವುದಿಲ್ಲ. ಆ ತಿಂಗಳುಗಳಲ್ಲಿ ಅಭ್ಯಾಸ ಹೆಚ್ಚಿಸಿ, ಸ್ಪ್ಲಿಂಟ್ ಸರಿಪಡಿಸಿಕೊಂಡರೆ ಮಾತ್ರ ಅದರಿಂದ ಉಪಯೋಗ. ತಾತ್ಕಾಲಿಕ ನಿಶ್ಶಕ್ತಿ ಬರಬಹುದು. ಪದೇ ಪದೇ ಕೊಟ್ಟರೆ ಸ್ನಾಯು ಸೊರಗುತ್ತದೆಯೇ ಎಂಬ ಆತಂಕವನ್ನು ಸಂಶೋಧಕರು ಈಚೆಗೆ ಎತ್ತಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ. ತುಸು ಗಿಡ್ಡವಾಗಿರುವ ಮೀನಖಂಡಕ್ಕೆ, ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್ ಪಟ್ಟಿಯನ್ನು ಕೆಲವು ವಾರ ಹಾಕುವುದು ಒಳ್ಳೆಯ ಉಪಾಯ. ಬೆನ್ನುಹುರಿಯ ಬಳಿ ಕೆಲವು ಸಂವೇದನಾ ನರದೆಳೆಗಳನ್ನು ಆಯ್ದು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅವಧಿಗೆ ಮುನ್ನ ಹುಟ್ಟಿ, ಎರಡೂ ಕಾಲಲ್ಲಿ ಸ್ಪಾಸ್ಟಿಸಿಟಿ ಇದ್ದು, ಒಳಗೆ ಬಲ ಚೆನ್ನಾಗಿರುವ, ಹೇಳಿದ್ದನ್ನು ಅರ್ಥಮಾಡಿಕೊಂಡು ದುಡಿಯಬಲ್ಲ ಮಕ್ಕಳಿಗೆ ಅದರಿಂದ ಲಾಭವಾಗಬಹುದು. ನಿಮ್ಮ ಮಗ ಆ ಗುಂಪಿಗೆ ಸೇರಬಹುದು, ಹಾಗಾಗಿ ಅದರ ಬಗ್ಗೆ ವಿಚಾರಿಸುವುದು ತಪ್ಪಲ್ಲ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು ಎಂಬುದೂ, ಕೆಲವು ಮಕ್ಕಳು ನಿಲ್ಲುವುದಕ್ಕೆ ಆ ಬಿಗಿತವನ್ನೇ ಊರುಗೋಲಾಗಿ ಬಳಸುತ್ತಿರುತ್ತಾರೆ ಎಂಬುದೂ ಮನಸ್ಸಿನಲ್ಲಿರಲಿ.

ಆಮ್ಲಜನಕದ ಕೋಣೆಯ ಚಿಕಿತ್ಸೆಯನ್ನು ಕೆನಡಾದ ಕ್ವಿಬೆಕ್‌ನಲ್ಲಿ 111 ಮಕ್ಕಳ ಮೇಲೆ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಹೆಚ್ಚು ಒತ್ತಡದಲ್ಲಿ ಆಮ್ಲಜನಕ, ಇನ್ನೊಂದಕ್ಕೆ ತುಸು ಒತ್ತಡದ ಮಾಮೂಲು ಗಾಳಿ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಈ ವಯಸ್ಸಿನ ಮಕ್ಕಳು ಏನೇ ಮಾಡಿದರೂ ಕೆಲವು ತಿಂಗಳಲ್ಲಿ ಸ್ವಲ್ಪ ಮುಂದಕ್ಕೆ ಹೋಗುತ್ತಾರೆ, ಆಗ ಯಾವ ಚಿಕಿತ್ಸೆ ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ. ಹೆತ್ತವರು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಿದ್ದಾರೆ. ಸ್ಟೆಮ್ ಸೆಲ್ ವಿಷಯದಲ್ಲಿ ಸಂಶೋಧನೆ ನಡೆಯುತ್ತಿದೆ, ಅಧಿಕೃತ ಪ್ರಯೋಗದ ಹೊರಗೆ ಹಣ ಪಡೆದು ಕೊಡುವಷ್ಟು ಪುರಾವೆ ಇಲ್ಲ. ಅದಕ್ಕಾಗಿ ಸಾಲ ಮಾಡಬೇಡಿ, ಅದಕ್ಕಾಗಿ ಈಗಿನ ಅಭ್ಯಾಸ ನಿಲ್ಲಿಸಬೇಡಿ.

ಮುಂದಿನ ಸಲ ಫಿಸಿಯೋಥೆರಪಿಗೆ ಹೋದಾಗ ಅವರೊಡನೆ ಕೂತು ಮಾತಾಡಿ. ಮಗನ ಜಿಎಂಎಫ್‌ಸಿಎಸ್ ಹಂತ ಯಾವುದು, ಮುಂದಿನ ಮೂರು ತಿಂಗಳಲ್ಲಿ ಅವನು ಹೊಸದಾಗಿ ಏನನ್ನು ಮಾಡಬೇಕೆಂಬುದು ಗುರಿ, ಅದು ಆಗುತ್ತಿದೆ ಎಂದು ಹೇಗೆ ಅಳೆಯುತ್ತೀರಿ ಎಂದು ಕೇಳಿ. ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಗುರಿಯನ್ನು ಮಗನನ್ನೂ ಕೇಳಿ ಇಟ್ಟುಕೊಳ್ಳಿ. ಮಾತು ಬರುವ ನಾಲ್ಕು ವರ್ಷದವನು ಏನು ಬೇಕೆಂದು ಹೇಳುತ್ತಾನೆ, ಅದು ಬಹುಶಃ ನೀವು ಊಹಿಸಿದ್ದಾಗಿರುವುದಿಲ್ಲ. ಎದ್ದು ನಿಂತು ಲೈಟಿನ ಸ್ವಿಚ್ಚು ಒತ್ತಬೇಕು ಎಂದ ಒಬ್ಬಳು ಹುಡುಗಿಗೆ ಆರು ವಾರ ನಾವು ಅದೊಂದನ್ನೇ ಅಭ್ಯಾಸ ಮಾಡಿಸಿದ್ದೆವು, ಅಷ್ಟು ಹೊತ್ತಿಗೆ ಅವಳು ಒಂದು ಕೈ ಬಿಟ್ಟು ನಿಲ್ಲಲು ಕಲಿತಿದ್ದಳು. ಹಾಗೆಯೇ, ಚಾಪೆ ನೋಡಿದರೆ ಅಳುವುದು ಬರಿಯ ಬೇಸರದಿಂದಲೋ ನೋವಿನಿಂದಲೋ ಎಂಬುದನ್ನು ಅವರು ಪರೀಕ್ಷಿಸಲಿ. ಇಂಥ ಮಕ್ಕಳಲ್ಲಿ ನೋವು ನಾವು ಎಣಿಸಿದ್ದಕ್ಕಿಂತ ಸಾಮಾನ್ಯ, ಮಕ್ಕಳು ಅದನ್ನು ಹೆಸರಿಟ್ಟು ಹೇಳುವುದಿಲ್ಲ. ಅದು ಗೊತ್ತಾಗುವವರೆಗೆ ಮನೆಯಲ್ಲಿ ಕಾಲು ಎಳೆದು ಹಿಡಿಯುವುದನ್ನು ನಿಲ್ಲಿಸಿ, ಸ್ಟೂಲಿನ ಆಟವನ್ನು ನಾಳೆಯಿಂದಲೇ ಶುರು ಮಾಡಿ, ಮತ್ತು ಸೊಂಟದ ಎಕ್ಸ್‌ರೇ ಬಂದ ಮೇಲೆ ಅದರಲ್ಲಿ ಏನು ಬರೆದಿದ್ದಾರೆ ಎಂದು ನನಗೆ ತಿಳಿಸಿ.